ಆಮ್ಲಜನಕ ಯಾರ ಕೂಸು?

"ಆಕ್ಸಿಜನ್ ಅಂತ ಯಾಕ್ರೀ ಬರೀತೀರಾ, ಅಚ್ಚಗನ್ನಡದ ಆಮ್ಲಜನಕ ಇಲ್ವಾ?" ಅಂತ ಗೆಳೆಯರೊಬ್ಬರು ಮೊನ್ನೆ ಗದರಿದರು. ಸ್ವಾಮೀ, ಅಚ್ಚಗನ್ನಡ ಎಲ್ಲಿದೆ ಅದರಲ್ಲಿ? ಆಮ್ಲ ಸಂಸ್ಕೃತ, ಜನಕ ಸಂಸ್ಕೃತ. ಅರ್ಥವೋ, ಪ್ಯಾರಿಸ್ಸಿನದು. ಅದೂ ತಪ್ಪು ಅರ್ಥ!

ಈ ಅನಿಲಕ್ಕೆ ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. ಎಲ್ಲ ಆಮ್ಲಗಳ ಹುಳಿಗೂ ಇದೇ ಕಾರಣ ಅಂತ ಆತ ನಂಬಿದ್ದ. ಹಾಗಾಗಿ ಹುಳಿ ಅನ್ನೋ ಅರ್ಥದ ಗ್ರೀಕ್ ಪದಕ್ಕೆ ಹುಟ್ಟಿಸೋದು ಅನ್ನೋದನ್ನ ಸೇರಿಸಿ 'ಆಕ್ಸಿಜೀನ್' ಅಂದ. 1787ರಲ್ಲಿ ಆತ ಮತ್ತು ಮೂವರು ಜೊತೆಗಾರರು ರಾಸಾಯನಿಕ ಹೆಸರುಗಳ ಪುಸ್ತಕವನ್ನೇ ತಂದರು. ಇಂಗ್ಲಿಷಿನವರು ಆ ಪದವನ್ನ ಹಾಗೇ ಎತ್ತಿಕೊಂಡರು. ಜರ್ಮನ್ನರು 'ಝಾವರ್‌ಸ್ಟೋಫ್' ಅಂದರು, ಅಂದ್ರೆ ಹುಳಿವಸ್ತು. ರಷ್ಯನ್ನರ 'ಕಿಸ್ಲರೋದ್' ಅಂದ್ರೂ ಹುಳಿ ಹುಟ್ಟಿಸೋದೇ. 1810ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕಿದ. ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಹೈಡ್ರೋಜನ್ ಇದೆ, ಕ್ಲೋರಿನ್ ಇದೆ, ಆಕ್ಸಿಜನ್ ಇಲ್ಲವೇ ಇಲ್ಲ! ನಾವು ಬಾತ್‌ರೂಮ್ ತೊಳೆಯೋದೂ, ನಮ್ಮ ಹೊಟ್ಟೆಯಲ್ಲಿ ಇರೋದೂ ಅದೇ ಆಸಿಡ್. ಹಾಗೆ ನೋಡಿದರೆ 'ಆಮ್ಲಜನಕ' ಅನ್ನೋ ಬಿರುದು ಹೈಡ್ರೋಜನ್ನಿಗೇ ಹೆಚ್ಚು ಒಪ್ಪುತ್ತೆ.

ಯಾರದೋ ಕೋಡ್ ಕಾಪಿ-ಪೇಸ್ಟ್ ಮಾಡಿದಾಗ ಅದರ ಬಗ್ಗೂ ಜೊತೆಗೇ ಬರುತ್ತಲ್ಲ, ನಮಗೆ ಬಂದದ್ದು ಹಾಗೆ. ಬಂಗಾಳಿಯವರ 'ಅಮ್ಲಜಾನ್' ಕೂಡ ಇದೇ ಕಥೆ. ಡೇನಿಷ್ ಜನ ಮಾತ್ರ ಜಾಣರು. ಅವರ ವಿಜ್ಞಾನಿ ಅರ್ಸ್ಟೆಡ್ ಬೆಂಕಿ ಅನ್ನೋ ಪದದಿಂದ 'ಇಲ್ಟ್' ಅಂತ ಕಟ್ಟಿದ. ಪೋಲೆಂಡಿನವರು ಹುಳಿಯ ಹೆಸರನ್ನ ಸ್ವಲ್ಪ ಕಾಲ ಬಳಸಿ, ಆಮೇಲೆ ಬಿಸಾಕಿ, ಹೊಗೆಯಾಡಿ ಉರಿಯೋದು ಅನ್ನೋ ಅರ್ಥದ 'ಟ್ಲೆನ್' ಮಾಡಿಕೊಂಡರು. (ಪ್ರಾಣವಾಯು ಅನ್ನಿ ಅಂತೀರಾ? ಯೋಗಶಾಸ್ತ್ರದಲ್ಲಿ ಪ್ರಾಣ, ಅಪಾನ ಅಂತ ಐದು ವಾಯುಗಳಿವೆ, ಅದರ ಪಾಡಿಗೆ ಅದಿರಲಿ.)

ಜರ್ಮನ್ ಮಕ್ಕಳು ಇವತ್ತಿಗೂ ಹುಳಿವಸ್ತು ಅಂತಲೇ ಓದ್ತಾರಲ್ಲ, ಅವರಿಗೇನು ಕಡಿಮೆಯಾಗಿದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಜರ್ಮನ್ ಹುಡುಗ ಪಿಎಚ್‌ಡಿವರೆಗೂ ಜರ್ಮನ್ನಿನಲ್ಲೇ ಓದಬಲ್ಲ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತನೇ ಕ್ಲಾಸಿಗೇ ಸೇತುವೆ ಮುರಿಯುತ್ತೆ, ಪಿಯು ಸೈನ್ಸ್ ಇಂಗ್ಲಿಷ್. ನಾನೂ ಆ ಹಳ್ಳ ದಾಟಿ ಬಂದವನೇ. ಬನಶಂಕರಿಯ ನಮ್ಮ ರಸ್ತೆಯ ಇಸ್ತ್ರಿ ಅಂಗಡಿಯವರ ಮಗಳು ಈಗ ದಾಟ್ತಿದ್ದಾಳೆ, ಭಾನುವಾರ ನನ್ನ ಹತ್ರ ಕೆಮಿಸ್ಟ್ರಿ ಕೇಳೋಕೆ ಬರ್ತಾಳೆ. "ಅಣ್ಣಾ, ಆಕ್ಸಿಡೇಷನ್ ಅಂದ್ರೆ ಉತ್ಕರ್ಷಣನಾ, ಅಪಕರ್ಷಣನಾ?" ಅಂದಳು ಒಮ್ಮೆ. ನೋಡಿ ಎಡವಟ್ಟು. ಆಕ್ಸಿಜನ್, ಆಕ್ಸೈಡ್, ಆಕ್ಸಿಡೇಷನ್ ಒಂದೇ ಮನೆಯವು ಅಂತ ಕೇಳಿದ ತಕ್ಷಣ ಗೊತ್ತಾಗುತ್ತೆ. ಆಮ್ಲಜನಕ, ಆಕ್ಸೈಡ್, ಉತ್ಕರ್ಷಣ? ಮೂರಕ್ಕೂ ಮುಖಪರಿಚಯವೇ ಇಲ್ಲ! ಕಬ್ಬಿಣದ ತುಕ್ಕು, ಹಿತ್ತಾಳೆ ಚೆಂಬಿನ ಕಿಲುಬು ಅವಳಿಗೆ ಚೆನ್ನಾಗಿ ಗೊತ್ತು. ಅಲ್ಲಿಂದ ಶುರು ಮಾಡಿದೆ, ಹತ್ತು ನಿಮಿಷದಲ್ಲಿ ಹಿಡಿದುಬಿಟ್ಟಳು. ಕನ್ನಡ ಇರೋದು ಅಲ್ಲಿ ಕಣ್ರೀ, ಉತ್ಕರ್ಷಣದಲ್ಲಲ್ಲ.

ಪದ ಕಟ್ಟಿದ ಹಿರಿಯರನ್ನ ನಾನು ಆಡಿಕೊಳ್ತಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆ ತಂದಾಗ ಕನ್ನಡದಲ್ಲಿ ವಿಜ್ಞಾನ ಬರೆಯಬಹುದು ಅಂತ ನಂಬೋದೇ ದೊಡ್ಡ ಸಾಹಸ. ಬನಶಂಕರಿ ಎರಡನೇ ಹಂತದ ರಾಜ್ಯ ವಿಜ್ಞಾನ ಪರಿಷತ್ತಿನ ಮುಂದೆ ಹಾದುಹೋಗುವಾಗ, 'ಬಾಲವಿಜ್ಞಾನ' ಓದಿ ಬೆಳೆದ ನನಗೆ ಈಗಲೂ ಕೈ ಮುಗಿಯೋಣ ಅನ್ಸುತ್ತೆ. ನನ್ನ ಜಗಳ ಅವರ ಹೆಸರು ಹೇಳಿ ಮಕ್ಕಳನ್ನ ಗದರೋರ ಜೊತೆ. 2021ರ ಏಪ್ರಿಲ್, ಮೇನಲ್ಲಿ ಜಯನಗರ, ಜೆ.ಪಿ. ನಗರದಲ್ಲಿ ಸಿಲಿಂಡರ್ ಹುಡುಕಿ ಅಲೆದವರ ಬಾಯಲ್ಲಿ ಇದ್ದದ್ದು ಆಕ್ಸಿಜನ್. ಪತ್ರಿಕೆಗಳಲ್ಲಿ ಆಮ್ಲಜನಕದ ಕೊರತೆ ಅಂತ ಅಚ್ಚಾಗ್ತಿತ್ತು, ಫೋನಿನಲ್ಲಿ ಯಾರೂ ಹಾಗೆ ಅಂಗಲಾಚಲಿಲ್ಲ.

ಹಾಗಂತ ಎಲ್ಲ ಕನ್ನಡ ಪದಗಳನ್ನೂ ಗುಡಿಸಿ ಹಾಕಿ ಅಂದೆ ಅಂದ್ಕೋಬೇಡಿ. ಜಲಜನಕದ ಅರ್ಥ ಸರಿಯಾಗಿಯೇ ಇದೆ, ಉರಿದರೆ ನೀರೇ ಆಗುತ್ತೆ. ಇಂಗಾಲವಂತೂ ಚಿನ್ನ! ಸಂಸ್ಕೃತದ ಅಂಗಾರ ಪ್ರಾಕೃತದ ಬಾಯಲ್ಲಿ ನುರಿದು ಇಂಗಾಲವಾಗಿ ನಮ್ಮಲ್ಲಿಗೆ ಬಂತು. ಕಾರ್ಬನ್ನಿನ ಮೂಲವಾದ ಲ್ಯಾಟಿನ್ ಪದಕ್ಕೂ ಇದ್ದಿಲು ಅಂತಲೇ ಅರ್ಥ. ಯಾವ ಫ್ರೆಂಚಿನವನ ತಪ್ಪೂ ಅದಕ್ಕೆ ಅಂಟಿಲ್ಲ.

ಹಾಗಾಗಿ ಇಲ್ಲಿ ಆಕ್ಸಿಜನ್ ಆಕ್ಸಿಜನ್ನಾಗಿಯೇ ಇರುತ್ತೆ, ಇಂಗಾಲ ಇಂಗಾಲವಾಗಿ. ಉತ್ಕರ್ಷಣಕ್ಕೆ ಇದಕ್ಕಿಂತ ಒಳ್ಳೆ ಮಾತು ನಿಮ್ಮ ಊರ ಕಡೆ ಇದ್ದರೆ ಹೇಳಿ, ಭಾನುವಾರದೊಳಗೆ ಬೇಕು.