ತಪ್ಪಿದ ಪಾಳಿ ಎದೆಗೆ ಬಡಿಯುತ್ತದೆ

ಮೂತ್ರಪಿಂಡ ಕೆಟ್ಟವನು ರಾತ್ರಿ ಮಲಗಲಾರದೆ ಗೋಡೆಗೊರಗಿ ಕುಳಿತು ಏದುಸಿರು ಬಿಡುತ್ತಿದ್ದರೆ ಮುಗಳಖೋಡದಂಥ ಊರಿನಲ್ಲಿ ಮನೆಯವರು ದಮ್ಮೆಂದು ತಿಳಿಯುವುದುಂಟು. ಬಹಳ ಸಲ ಅದು ದಮ್ಮಲ್ಲ, ಹೃದಯ ಸೋಲುತ್ತಿರುವ ಗುರುತು. ಈ ಮಾತನ್ನು ನಮ್ಮ ಓದುಗರು ನಾಲ್ಕು ಜನರ ಕಿವಿಗೆ ಹಾಕಬೇಕು.

ಕೆಟ್ಟ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಹಾಕಲಾರದು. ಅವು ಮೈಯಲ್ಲೇ ನಿಂತು ರಕ್ತದೊತ್ತಡ ಏರುತ್ತದೆ. ಆ ಒತ್ತಡದೊಡನೆ ವರ್ಷಗಟ್ಟಲೆ ಏಗಿದ ಹೃದಯದ ಎಡಭಾಗ ದಪ್ಪಗಾಗಿ ಬಿರುಸಾಗುತ್ತದೆ. ರಕ್ತ ಹುಟ್ಟಿಸಲು ಬೇಕಾದ ಸತ್ವವೂ ಮೂತ್ರಪಿಂಡದಿಂದಲೇ ಬರತಕ್ಕದ್ದು; ಅದು ಕುಗ್ಗಿ ರಕ್ತಹೀನತೆಯಾದರೆ ಹೃದಯಕ್ಕೆ ಮತ್ತಷ್ಟು ದುಡಿತ. ಕೊನೆಗೆ ನೀರು ಶ್ವಾಸಕೋಶದಲ್ಲಿ ತುಂಬುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಸಾವಿಗೆ ಒಂದು ಮುಖ್ಯ ಕಾರಣ ಹೃದಯದ ಬೇನೆಯೇ. ಇಂಥವರಿಗೆ ರೊಟ್ಟಿಯ ಜೊತೆ ಉಪ್ಪಿನಕಾಯಿ ವಿಷ. ಪುಣ್ಯವೆಂದು ನೆಂಟರು ಕುಡಿಸುವ ಎಳನೀರೂ ಅಪಾಯವೇ, ಅದರ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸೀತು.

ವಾರಕ್ಕೆ 3 ಸಲ, ಸಲಕ್ಕೆ 4 ತಾಸು ಡಯಾಲಿಸಿಸ್ ಎಂಬುದು ವಾಡಿಕೆಯ ಕ್ರಮ. ಹಾಗೆ ಮಾಡಿಸಿಕೊಳ್ಳುವವರಲ್ಲೂ 2 ದಿನದ ಬಿಡುವು ಮುಗಿಯುವ ದಿನ ಸಾವು ಹೆಚ್ಚೆಂದು 2011ರಲ್ಲಿ ಅಮೆರಿಕೆಯ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ನಮ್ಮ ಬಡವನಿಗೆ ವಾರಕ್ಕೆ 2 ಪಾಳಿ ಸಿಕ್ಕರೆ ಹೆಚ್ಚು. ಅದರಲ್ಲೊಂದು ತಪ್ಪಿದರೆ?

ತಪ್ಪುವುದೇಕೆ? 2016ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಸಾರಿತು. ನಮ್ಮ ರಾಜ್ಯದ ತಾಲೂಕು ದವಾಖಾನೆಗಳಿಗೂ ಯಂತ್ರ ಬಂದವು. ಒಳ್ಳೆಯದೇ. ಆದರೆ ಸೇವೆಯನ್ನು ಖಾಸಗಿ ಗುತ್ತಿಗೆಗೆ ಕೊಟ್ಟದ್ದರ ಫಲವಾಗಿ 2023ರಲ್ಲಿ ಸಂಬಳಕ್ಕಾಗಿ ಸಿಬ್ಬಂದಿ ಮುಷ್ಕರ ಹೂಡಬೇಕಾಯಿತು. ದುಡಿದ ಕೂಲಿ ಕೇಳಿದವರನ್ನು ನಾವು ದೂರುವುದಿಲ್ಲ. ಇನ್ನು ದಾರಿಯ ಮಾತು. ಕಬ್ಬು ಕಡಿಯುವವನಿಗೆ ಪಾಳಿಯ ದಿನವೆಂದರೆ ಕೂಲಿ ಹೋಯಿತು, ಜೊತೆಗೆ ಹೋದವಳ ಕೂಲಿಯೂ ಹೋಯಿತು. 2023ರ ಜೂನಿನಿಂದ ಹೆಂಗಸರಿಗೆ ಸರಕಾರಿ ಬಸ್ಸು ಬಿಟ್ಟಿಯಾದ್ದರಿಂದ ಹೆಂಡತಿಗೆ ಟಿಕೀಟಿಲ್ಲ, ರೋಗಿಯಾದ ಗಂಡನಿಗೆ ಉಂಟು! ಯಂತ್ರ ಉಚಿತ, ಯಂತ್ರದವರೆಗಿನ ದಾರಿ ಮಾತ್ರ ಸ್ವಂತ ಖರ್ಚಿನದು.

1975ರ ಸೆರೆವಾಸದಲ್ಲಿ ಜಯಪ್ರಕಾಶ ನಾರಾಯಣರ ಮೂತ್ರಪಿಂಡಗಳು ಕೆಟ್ಟವು. ಅವರ ಯಂತ್ರಕ್ಕೆ ಜನ ಚಂದಾ ಕೂಡಿಸಿದರು. ಡಯಾಲಿಸಿಸ್ ಮೇಲೆ ಅವರು 1979ರ ಅಕ್ಟೋಬರ 8ರವರೆಗೆ ಬದುಕಿದರು. ಕಬ್ಬಿನ ಕೂಲಿಯವನಿಗೆ ಚಂದಾ ಎತ್ತುವವರಾರು? ಬಂಡವಾಳಶಾಹಿಯ ತವರಾದ ಅಮೆರಿಕೆ ಕೂಡ 1972ರಲ್ಲಿ ಕಾನೂನು ಮಾಡಿ ಡಯಾಲಿಸಿಸಿನ ಹೆಚ್ಚಿನ ಹೊರೆಯನ್ನು ಸರಕಾರದ ಮೇಲೆ ಹಾಕಿತು.

ನಾವು ಕೇಳುವುದಿಷ್ಟು. ವೈದ್ಯರು ಬೇಕೆಂದವರಿಗೆಲ್ಲ ಮೂರನೆಯ ಪಾಳಿ ಕೊಡಬೇಕು. ರೋಗಿಗೂ ಜೊತೆಗಾರರಿಗೂ ಬಸ್ಸಿನ ಪಾಸು, ಪಾಳಿಯ ದಿನದ ಕೂಲಿ ಸಿಗಬೇಕು. ರಕ್ತ ಹೆಚ್ಚಿಸುವ ಸೂಜಿ ಮತ್ತು ಹೃದಯದ ಎಕೋ ಪರೀಕ್ಷೆ ಬಿಟ್ಟಿ ದೊರೆಯಬೇಕು. ಪಾಳಿ ತಪ್ಪಿದವನ ಮನೆಗೆ ಮರುದಿನವೇ ಆಶಾ ಕಾರ್ಯಕರ್ತೆ ಹೋಗಿ ತೂಕ ನೋಡಲಿ. ಕಾಲು ಬಾತು ಉಸಿರು ಕಟ್ಟುತ್ತಿದ್ದರೆ ಮುಂದಿನ ಪಾಳಿಗೆ ಕಾಯದೆ 108ರ ಗಾಡಿ ಕರೆಸಲಿ.