ತೂತಿಲ್ಲದ ಕಪ್‌ನಲ್ಲಿ ಗಿಡ ಕೊಡೋದನ್ನ ನಿಲ್ಲಿಸೋಣ

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಹಾರ-ಶಾಲು ಎಲ್ಲ ಹೋಗಿ ಅವುಗಳ ಜಾಗಕ್ಕೆ ಸಕ್ಯುಲೆಂಟ್ ಬಂದಿದೆ. ಅತಿಥಿ ಬಂದರೆ ಒಂದು ಗಿಡ, ಕ್ವಿಜ್ ಗೆದ್ದರೆ ಒಂದು ಗಿಡ, ಜೂನಿಯರ್ಸ್ ಬಂದರೆ ತಲೆಗೊಂದು ಗಿಡ. ಬಿಳಿ ಸೆರಾಮಿಕ್ ಕಪ್, ಮೇಲೆ ಬಣ್ಣದ ಕಲ್ಲು, ನಡುವೆ ಮುದ್ದಾದ ದಪ್ಪ ಎಲೆಗಳು. ಹೂವಿನ ಬೊಕೆ ಮರುದಿನವೇ ಕಸದ ಬುಟ್ಟಿ ಸೇರುತ್ತೆ, ಇದಾದರೆ ವರ್ಷಗಟ್ಟಲೆ ಬದುಕುತ್ತೆ ಅಂತ ವೇದಿಕೆ ಮೇಲೆ ಹೇಳ್ತೀವಿ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲೂ ಹೇಳಿದ್ದೀವಿ.

ಹಾಗಾದರೆ ಕಳೆದ ವರ್ಷ ಕೊಟ್ಟ ಗಿಡಗಳು ಈಗ ಎಲ್ಲಿವೆ? ಹಾಸ್ಟೆಲ್‌ನ ನಮ್ಮ ವಿಂಗ್‌ನಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಕಪ್‌ಗಳೆಲ್ಲ ಇವೆ, ಆದರೆ ಪೆನ್ ಸ್ಟ್ಯಾಂಡ್ ಆಗಿವೆ. ತಳದಲ್ಲಿ ತೂತಿಲ್ಲ ನೋಡಿ, ಪೆನ್ ಇಡೋಕೆ ಹೇಳಿ ಮಾಡಿಸಿದ ಹಾಗಿವೆ. ಗಿಡ ಇಡೋಕೆ ಮಾತ್ರ ಅವು ಲಾಯಕ್ಕಿಲ್ಲ ಅನ್ನೋದೇ ಈ ಲೇಖನದ ವಾದ.

ಇದನ್ನ ನಾವು ಕಲಿತಿದ್ದು ಎರಡು ಗಿಡ ಸಾಯಿಸಿದ ಮೇಲೆ. ನಮ್ಮ ರೂಮಿನ ಮೂವರಿಗೂ ಫ್ರೆಷರ್ಸ್ ಡೇ ದಿನ ಒಂದೊಂದು ಕಪ್ ಸಿಕ್ಕಿತ್ತು: ಒಂದು ಜೇಡ್, ಒಂದು ಎಚೆವೇರಿಯಾ, ಒಂದು ಹಾವೋರ್ಥಿಯಾ. ಪಾಪ, ಹೊಸ ಜಾಗ ಅಂತ ಪಾಳಿ ಹಾಕಿಕೊಂಡು ದಿನಾ ನೀರು ಹಾಕಿದೆವು. ಒಂದು ತಿಂಗಳಿಗೆ ಎಚೆವೇರಿಯಾದ ಎಲೆಗಳು ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬೀಳೋಕೆ ಶುರುವಾಯ್ತು. ಹಾವೋರ್ಥಿಯಾ ಸುಕ್ಕುಗಟ್ಟಿತು. ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕಿದೆವು. ಮುಂದಿನ ವಾರ ಎರಡೂ ಇರಲಿಲ್ಲ.

ಜೇಡ್‌ನ ಎಲೆ ಉದುರೋಕೆ ಶುರುವಾದಾಗ ಕ್ಯಾಂಪಸ್ಸಿನ ಮಾಲಿಯ ಹತ್ತಿರ ಎತ್ತಿಕೊಂಡು ಹೋದೆವು. ಅವರು ಗಿಡ ನೋಡಲೇ ಇಲ್ಲ. ಕಪ್ ಎತ್ತಿ ತಳ ನೋಡಿದರು.

“ತೂತೇ ಇಲ್ವಲ್ರಪ್ಪ! ಹಾಕಿದ ನೀರು ಎಲ್ಲಿಗ್ ಹೋಗ್ಬೇಕು?”

ಇಂಜಿನಿಯರಿಂಗ್ ಓದೋ ಮೂರು ಜನಕ್ಕೆ ಈ ಪ್ರಶ್ನೆ ಒಂದು ತಿಂಗಳಲ್ಲಿ ಒಂದು ಸಲವೂ ಹೊಳೆದಿರಲಿಲ್ಲ.

ಆಮೇಲೆ ಓದಿದೆವು. ಬೇರಿಗೂ ಆಮ್ಲಜನಕ ಬೇಕು. ಅದು ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಸಿಗುತ್ತೆ. ತೂತಿಲ್ಲದ ಕಪ್‌ನಲ್ಲಿ ಆ ಜಾಗವೆಲ್ಲ ನೀರು ತುಂಬಿ ಬೇರು ಉಸಿರುಕಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಹೀರಲ್ಲ. ಹಾಗಾಗಿ ನೀರಿನ ನಡುವೆಯೇ ಎಲೆ ಸುಕ್ಕಾಗುತ್ತೆ. ನಾವು ಅದನ್ನ ಬಾಯಾರಿಕೆ ಅಂದುಕೊಂಡು ಮತ್ತೆ ಸುರೀತೀವಿ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಅಂದರೆ ಇದೇ. ಅಜ್ಜಿ ಭಾಷೆಯಲ್ಲಿ, ಅತಿಯಾದರೆ ಅಮೃತವೂ ವಿಷ.

ಈ ಗಿಡಗಳಿಗೆ ನೀರು ಎಷ್ಟು ಕಡಿಮೆ ಸಾಕು ಅನ್ನೋದಕ್ಕೆ ಗೂಗಲ್ ಬೇಕಿಲ್ಲ. ನಮ್ಮ ಕಡೆ ಎಷ್ಟೋ ಮನೆ, ಅಂಗಡಿಗಳ ಬಾಗಿಲ ಮೇಲೆ ದೃಷ್ಟಿಗೆ ಅಂತ ಲೋಳೆಸರವನ್ನ ಬೇರುಸಮೇತ ತಲೆಕೆಳಗಾಗಿ ಕಟ್ಟಿರ್ತಾರೆ. ಮಣ್ಣಿಲ್ಲ, ಯಾರೂ ನೀರೂ ಹಾಕಲ್ಲ. ಆದರೂ ತಿಂಗಳುಗಟ್ಟಲೆ ಹಸಿರಾಗೇ ಇರುತ್ತೆ. ಇದರ ಗುಟ್ಟು ದಪ್ಪ ಎಲೆಯಲ್ಲಿ ಕೂಡಿಟ್ಟ ನೀರು ಮತ್ತು ಒಂದು ಜಾಣ ಉಪಾಯ. ಬೇರೆ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ತಗೊಳ್ತವೆ, ಆಗ ನೀರೂ ಆವಿಯಾಗಿ ಹೋಗುತ್ತೆ. ಲೋಳೆಸರ, ಜೇಡ್‌ನಂಥವು ಹಗಲು ಬಾಗಿಲು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೀತವೆ. ಆಗ ಒಳಗೆ ತಗೊಂಡ ಇಂಗಾಲದ ಡೈಆಕ್ಸೈಡನ್ನ ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಮರುದಿನ ಬಿಸಿಲಲ್ಲಿ ಬಳಸ್ತವೆ. ನೀರಿಲ್ಲದೆ ಬದುಕೋಕೆ ಇಷ್ಟೆಲ್ಲ ತಯಾರಿ ಮಾಡಿಕೊಂಡ ಗಿಡವನ್ನ ನಾವು ನೀರಲ್ಲಿ ಮುಳುಗಿಸಿ ಸಾಯಿಸ್ತಿದ್ದೀವಿ.

“ತಳಕ್ಕೆ ಒಂದಿಷ್ಟು ಜಲ್ಲಿ ಹಾಕಿದರೆ ಸಾಕಲ್ವಾ?” ಅಂತ ಕೇಳೋರಿದ್ದಾರೆ. ನಾವೂ ಹಾಗೇ ನಂಬಿದ್ದೆವು. ಆದರೆ ಸಣ್ಣ ಕಣಗಳ ಮಣ್ಣು ಕ್ಯಾಪಿಲ್ಲರಿ ಬಲದಿಂದ ನೀರನ್ನ ಹಿಡಿದುಕೊಳ್ಳುತ್ತೆ. ಮಣ್ಣಿನ ಕೊನೆಯ ಪದರ ಪೂರ್ತಿ ನೆನೆಯೋ ತನಕ ನೀರು ಕೆಳಗಿನ ಜಲ್ಲಿಗೆ ಇಳಿಯೋದೇ ಇಲ್ಲ. ಅಂದರೆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಇನ್ನೂ ಮೇಲೆ ಬರುತ್ತೆ. ಜಲ್ಲಿಯಿಂದ ನಷ್ಟವೇ ಹೆಚ್ಚು.

ಡ್ರಿಲ್ ಮಾಡೋಣ ಅಂತಲೂ ಹೊರಟೆವು. ಸೆರಾಮಿಕ್‌ಗೆ ಡೈಮಂಡ್ ಬಿಟ್ ಬೇಕು, ನೀರು ಹಾಕ್ತಾ ನಿಧಾನವಾಗಿ ಕೊರೆಯಬೇಕು. ನಮಗೆ ನಿಧಾನ ಇರಲಿಲ್ಲ. ಖಾಲಿಯಾಗಿದ್ದ ಎರಡು ಕಪ್‌ಗಳೂ ಸೀಳಿದವು.

ಕೊನೆಗೆ 30 ರೂಪಾಯಿ ಕೊಟ್ಟು ಒಂದು ಮಣ್ಣಿನ ಕುಂಡ ತಂದೆವು. ಕುಂಡ ಬದಲಿಸೋ ಕೆಲಸ ಅರ್ಧ ಗಂಟೆಯದು, ಕಾಯೋದೇ ಜಾಸ್ತಿ. ನಾವು ಮಾಡಿದ್ದು ಹೀಗೆ:

ಮೊದಲು ಅಂಟಿನಿಂದ ಮೆತ್ತಿದ್ದ ಬಣ್ಣದ ಕಲ್ಲುಗಳನ್ನ ಕಿತ್ತೆವು. ಕಪ್ ಓರೆ ಮಾಡಿ ಗಿಡ ಹೊರಗೆ ತೆಗೆದೆವು. ಬೇರಿನ ಸುತ್ತ ತೆಂಗಿನ ನಾರಿನ ಪುಡಿ ಒದ್ದೆ ಸ್ಪಂಜಿನ ಹಾಗಿತ್ತು. ಅದನ್ನ ಬೆರಳಲ್ಲೇ ಬಿಡಿಸಿದೆವು. ಗಟ್ಟಿಯಾಗಿದ್ದ ಬಿಳಿ ಬೇರು ಉಳಿಸಿ, ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದನ್ನ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದೆವು. ಆಮೇಲೆ ಅದನ್ನ ನೆಡಲಿಲ್ಲ. ನಾಲ್ಕು ದಿನ ಪೇಪರ್ ಮೇಲೆ ನೆರಳಲ್ಲಿ ಹಾಗೇ ಮಲಗಿಸಿದೆವು, ಗಾಯ ಒಣಗಬೇಕಲ್ಲ.

ಅಷ್ಟರಲ್ಲಿ ಮಣ್ಣು ತಯಾರಾಯ್ತು. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು. ಮರಳನ್ನ ಸಿವಿಲ್‌ನ ಗೆಳೆಯನ ಸಹಾಯದಿಂದ 2.36 ಮಿ.ಮೀ. ಜರಡಿಯಲ್ಲಿ ಹಿಡಿದು, ಮೇಲೆ ಉಳಿದದ್ದನ್ನ ಮಾತ್ರ ಬಳಸಿದೆವು. ಕುಂಡ ಹಳೇ ಕಪ್‌ಗಿಂತ ಎರಡು ಬೆರಳು ಮಾತ್ರ ದೊಡ್ಡದು. ಪಾಪ, ಆರಾಮಾಗಿರಲಿ ಅಂತ ದೊಡ್ಡ ಕುಂಡ ಕೊಟ್ಟರೆ ಬೇರು ಮುಟ್ಟದ ಮಣ್ಣೇ ಹೆಚ್ಚಾಗಿ, ಅದು ಒಣಗದೆ ಮತ್ತದೇ ಕತೆ. ನೆಟ್ಟ ಮೇಲೆ ಒಂದು ವಾರ ತೊಟ್ಟು ನೀರೂ ಇಲ್ಲ. ಈಗಲೂ ಐಸ್‌ಕ್ರೀಂ ಕಡ್ಡಿ ಚುಚ್ಚಿ ನೋಡ್ತೀವಿ. ಕಡ್ಡಿಗೆ ಮಣ್ಣು ಅಂಟಿದರೆ ನೀರು ಬೇಡ. ಒಂದು ಮಾತು: ಬಿಡದೆ ಮಳೆ ಹಿಡಿದ ವಾರದಲ್ಲಿ ಈ ಕೆಲಸ ಬೇಡ, ಗಾಯ ಬೇಗ ಒಣಗಲ್ಲ.

ಐದನೇ ವಾರಕ್ಕೆ ಜೇಡ್‌ನ ತುದಿಯಲ್ಲಿ ಅಕ್ಕಿಕಾಳಿನಷ್ಟು ಎರಡು ಎಲೆ ಬಂದವು. ಇಂಟರ್ನಲ್ಸ್ ಹಿಂದಿನ ರಾತ್ರಿ ಮೂವರೂ ಪುಸ್ತಕ ಬಿಟ್ಟು ಅದನ್ನೇ ನೋಡ್ತಾ ಕೂತಿದ್ದೆವು.

ಈಗ ಅಸಲು ವಿಷಯ. ಕಪ್ ಪರ ಇರೋರ ವಾದಗಳು ನಮಗೆ ಗೊತ್ತು. ಮಣ್ಣಿನ ಕುಂಡ ವೇದಿಕೆ ಮೇಲೆ ರಿಚ್ ಆಗಿ ಕಾಣಲ್ಲ ಅಂತೀರ. ಕೆಂಪು ಕುಂಡಕ್ಕೆ ಸುಣ್ಣದಲ್ಲಿ ಎರಡು ಗೆರೆ ರಂಗೋಲಿ ಬಿಡಿಸಿ ನೋಡಿ, ಆಮೇಲೆ ಮಾತಾಡೋಣ. ಟೇಬಲ್ ಒದ್ದೆಯಾಗುತ್ತೆ ಅಂತೀರ. ಕೆಳಗೊಂದು ತಟ್ಟೆ ಇಡಿ, ನಿಂತ ನೀರು ಚೆಲ್ಲಿ. ಚಮಚದಲ್ಲಿ ಅಳತೆ ಮಾಡಿ ಹಾಕಿದರೆ ಕಪ್‌ನಲ್ಲೂ ಬದುಕುತ್ತೆ ಅಂತೀರ. ನಿಜ, ಗೊತ್ತಿದ್ದವರ ಕೈಯಲ್ಲಿ ಬದುಕುತ್ತೆ. ಆದರೆ ನಾವು ಕೊಡ್ತಿರೋದು ಗೊತ್ತಿಲ್ಲದವರ ಕೈಗೆ, ಒಂದು ಮಾತೂ ಹೇಳದೆ. ಗೊತ್ತಿಲ್ಲದವರು ಪ್ರೀತಿಯಿಂದಲೇ ನೀರು ಹಾಕ್ತಾರೆ. ಪ್ರೀತಿ ಮಾಡಿದರೆ ಸಾಯೋ ಹಾಗೆ ಪ್ಯಾಕ್ ಮಾಡಿ ಕೊಡೋದು ಎಂಥ ಉಡುಗೊರೆ? ಬೊಕೆ ಬಾಡುತ್ತೆ ಅಂತ ಕೊಡೋರಿಗೂ ತಗೊಳ್ಳೋರಿಗೂ ಗೊತ್ತು. ಇಲ್ಲಿ ವರ್ಷಗಟ್ಟಲೆ ಬದುಕುತ್ತೆ ಅಂತ ಮಾತು ಕೊಟ್ಟು, ಸತ್ತಾಗ “ನನ್ನ ಕೈಗುಣ ಸರಿಯಿಲ್ಲ” ಅಂತ ತಗೊಂಡವರು ಬೇಜಾರು ಮಾಡ್ಕೊಳ್ತಾರೆ. ನಾವೂ ಮಾಡ್ಕೊಂಡಿದ್ವಿ. ಕೈಗುಣ ಸರಿಯಾಗೇ ಇತ್ತು, ಡಿಸೈನ್ ಸರಿಯಿರಲಿಲ್ಲ.

ಆದ್ದರಿಂದ ಸಂಘದ ಮುಂದೆ ನಮ್ಮ ಬೇಡಿಕೆ ಚಿಕ್ಕದು. ಈ ಸಲದ ರಾಜ್ಯೋತ್ಸವಕ್ಕೆ ಗಿಡ ಕೊಡೋದಾದರೆ ತೂತಿರೋ ಮಣ್ಣಿನ ಕುಂಡದಲ್ಲೇ ಕೊಡೋಣ, ಜೊತೆಗೆ ಹೇಗೆ ನೋಡ್ಕೋಬೇಕು ಅಂತ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಇಡೋಣ. ಅಷ್ಟು ಪುರುಸೊತ್ತು ಇಲ್ಲ ಅಂದರೆ ಒಂದು ಪುಸ್ತಕ ಕೊಡೋಣ, ಅದಕ್ಕೆ ನೀರು ಹಾಕೋ ತಾಪತ್ರಯ ಇಲ್ಲ.

ಮತ್ತೆ, ನಿಮ್ಮ ಕಿಟಕಿಯಲ್ಲಿ ಹೋದ ವರ್ಷದ ಕಪ್‌ನಲ್ಲಿ ಇನ್ನೂ ಏನಾದರೂ ಹಸಿರು ಉಳಿದಿದ್ದರೆ, ಇವತ್ತಿನಿಂದಲೇ ನೀರು ನಿಲ್ಲಿಸಿ. ಕುಂಡ ಒಂದು ತಗೊಂಡು ನಮ್ಮ ರೂಮಿಗೆ ಬನ್ನಿ. ಜರಡಿ ಹಿಡಿದ ಮರಳು ಇನ್ನೂ ಅರ್ಧ ಬಕೆಟ್ ಉಳಿದಿದೆ.