ಆದಿತ್ಯವಾರದ ಪ್ರವಾಸ ಎಲ್ಲಿಗೆ?

ಅಂತಿಮ ಬಿ.ಎ. ತರಗತಿಗೆ ಬಂದವರಿಗೆ ಪರೀಕ್ಷೆಗಿಂತಲೂ ಮೊದಲು ಎದುರಾಗುವ ಪ್ರಶ್ನೆಯೊಂದಿದೆ: “ಈ ಸಲ ಟ್ರಿಪ್ ಎಲ್ಲಿಗೆ?” ನಮ್ಮ ತರಗತಿಯಲ್ಲಿಯೂ ಅದು ಎದ್ದಿತು. ಮೊದಲು ಗೋವೆ ಎಂದರು. ಮನೆಯ ಹಿರಿಯರ ಮುಖ ನೆನಪಾಗಿ ಅದನ್ನು ಕೈಬಿಟ್ಟರು. ಬಳಿಕ ಗೋಕರ್ಣ ಎಂದರು, ಚಿಕ್ಕಮಗಳೂರು ಎಂದರು. ಶನಿವಾರ ನಸುಕಿನಲ್ಲಿ ಹೊರಟು ಆದಿತ್ಯವಾರ ರಾತ್ರಿ ಮರಳುವುದು, ತಲೆಗೆ ಎರಡೂವರೆ ಸಾವಿರ ರೂಪಾಯಿ ಎಂದು ಲೆಕ್ಕವೂ ಆಯಿತು. ಚರ್ಚೆ ಮೂರು ದಿನ ನಡೆಯಿತು. ಆ ಮೂರು ದಿನವೂ ಬಾಯಿ ತೆರೆಯದೆ ಕುಳಿತವರು ಕೆಲವರಿದ್ದರು. ಅವರಲ್ಲಿ ನಾನೂ ಒಬ್ಬಳು. ಅಂದು ಆಡದೆ ಉಳಿದ ಮಾತನ್ನು ಇಂದು ಈ ಸಂಚಿಕೆಯಲ್ಲಿ ಆಡುತ್ತಿದ್ದೇನೆ. ಸಹಪಾಠಿಗಳು ಮುನಿಯಬಾರದು.

ಎರಡನೆಯ ವರ್ಷದ ಪ್ರವಾಸಕ್ಕೂ ನಾನು ಹೋಗಿರಲಿಲ್ಲ. ಜ್ವರವೆಂದು ಹೇಳಿದ್ದೆ. ಜ್ವರವೇನೂ ಇರಲಿಲ್ಲ. ನನ್ನ ತಾಯಿ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿಯುವವಳು. ಕೇಳಿದ್ದರೆ ಹಣ ಕೊಡುತ್ತಿದ್ದಳು. ಕೊಡುತ್ತಾಳೆಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಸೋಮವಾರ ಗೆಳತಿಯರು ಫೋನಿನಲ್ಲಿ ಚಿತ್ರಗಳನ್ನು ತೋರಿಸುತ್ತಿದ್ದಾಗ ನಡುನಡುವೆ ಕೆಮ್ಮುವುದನ್ನು ಮಾತ್ರ ನಾನು ಮರೆಯಲಿಲ್ಲ. ಆಮೇಲೆ ವಿಚಾರಿಸಲಾಗಿ, ಅದೇ ಆದಿತ್ಯವಾರ ನಮ್ಮ ತರಗತಿಯಲ್ಲಿ ಇನ್ನೂ ನಾಲ್ವರಿಗೆ ಜ್ವರ, ಇಬ್ಬರ ಮನೆಯಲ್ಲಿ ಪೂಜೆ! ಸರಕಾರಿ ಕಾಲೇಜಿನಲ್ಲಿ ಪ್ರವಾಸದ ದಿನ ಬರುವ ಈ ಜ್ವರಕ್ಕೆ ಯಾವ ವೈದ್ಯರಲ್ಲಿಯೂ ಮದ್ದಿಲ್ಲ. ಮದ್ದು ಇರುವುದು ನಾವು ಆರಿಸುವ ಸ್ಥಳದಲ್ಲಿ.

ಎರಡು ದಿನದ ರಜೆಯಲ್ಲಿ ಕೂಡಿ ಹೋಗುವ ಸ್ಥಳವನ್ನು ಆರಿಸುವಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನನ್ನ ನಮ್ರ ಮತ. ನಮ್ಮಲ್ಲಿ ಅತ್ಯಂತ ಕಡಿಮೆ ಹಣವುಳ್ಳವರು ಅಲ್ಲಿಗೆ ಬರಬಲ್ಲರೇ? ರಾತ್ರಿ ಹೊರಗೆ ಉಳಿಯಲು ಮನೆಯಲ್ಲಿ ಒಪ್ಪಿಗೆಯಿಲ್ಲದ ಹುಡುಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಲ್ಲಳೇ? ಹೋಗಿಬಂದ ಮೇಲೆ ಚಿತ್ರವಲ್ಲದೆ ಬೇರೆ ಏನಾದರೂ ನಮ್ಮಲ್ಲಿ ಉಳಿದೀತೇ? ಈ ಮೂರಕ್ಕೂ ಹೌದೆನ್ನುವ ಸ್ಥಳಗಳು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿಯೇ ಬೇಕಾದಷ್ಟಿವೆ.

“ಅವನ್ನೆಲ್ಲ ನೋಡಿದ್ದೇವಲ್ಲ!” ಎಂದು ಕೆಲವರು ಹೇಳಿಯಾರು. ನಿಜವಾಗಿ ನೋಡಿದ್ದೇವೆಯೇ? ಒಮ್ಮೆ ಇತಿಹಾಸದ ಪಾಠದಲ್ಲಿ ಬಸ್ರೂರಿನ ಹೆಸರು ಬಂದಾಗ, ಆ ಊರನ್ನು ಕಂಡವರು ಕೈ ಎತ್ತಿರೆಂದು ಗುರುಗಳು ಕೇಳಿದರು. ಎದ್ದ ಕೈಗಳು ಆರು. ಅವರಲ್ಲಿ ನಾಲ್ವರ ಮನೆ ಅಲ್ಲಿಯೇ ಇತ್ತು. ಕುಂದಾಪುರದಿಂದ ಕೆಲವೇ ಮೈಲಿ ದೂರದಲ್ಲಿ, ವಾರಾಹಿ ಹೊಳೆಯ ದಡದಲ್ಲಿರುವ ಈ ಊರು ಒಂದು ಕಾಲಕ್ಕೆ ಅರಬಿ ಸಮುದ್ರದ ವ್ಯಾಪಾರಿಗಳೆಲ್ಲ ಬಲ್ಲ ಬಂದರು. ಇಲ್ಲಿಯ ಅಕ್ಕಿ ಹಡಗೇರಿ ಗೋವೆಗೂ ಪರ್ಷಿಯದ ಕೊಲ್ಲಿಯ ಓರ್ಮುಜಿಗೂ ಹೋಗುತ್ತಿತ್ತು. ಆ ಅಕ್ಕಿಯ ಆಸೆಯಿಂದ ಪೋರ್ಚುಗೀಸರು 1569ರಲ್ಲಿ ಇಲ್ಲಿ ಕೋಟೆ ಹಿಡಿದು ಕುಳಿತರು. 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಈ ಊರನ್ನು ಸೂರೆಮಾಡಿ, ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದು ಸ್ನಾನ ಮಾಡಿದನು. ಗೋಕರ್ಣಕ್ಕೆ ಹೋಗಲೇಬೇಕೆನ್ನುವ ನನ್ನ ಮಿತ್ರರು ಇದನ್ನು ಗಮನಿಸಬೇಕು: ಶಿವಾಜಿಯೂ ಮೊದಲು ಬಂದುದು ಬಸ್ರೂರಿಗೆ!

ಬ್ರಹ್ಮಾವರದ ಕಡೆಗೆ ನಡೆದರೆ ಬಾರಕೂರು ಇದೆ. ಆಳುಪ ಅರಸರ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಆಡಳಿತದ ಕೇಂದ್ರವಾಗಿದ್ದ ಊರು. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ಇದನ್ನು ‘ಫಾಕನೂರ್’ ಎಂದು ಕರೆದು ತನ್ನ ಪ್ರವಾಸ ಕಥನದಲ್ಲಿ ಸೇರಿಸಿದ್ದಾನೆ. ಆಫ್ರಿಕದಿಂದ ಬಂದವನು ಕಂಡ ಊರನ್ನು ಅರ್ಧ ಗಂಟೆಯ ದಾರಿಯಲ್ಲಿರುವ ನಾವು ಕಂಡಿಲ್ಲ. ಕತ್ತಲೆ ಬಸದಿಯ ಅಂಗಳದಲ್ಲಿ ಕುಳಿತು ಬುತ್ತಿ ಬಿಚ್ಚುವ ಮೊದಲು ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳ ಅರ್ಥವನ್ನು ಅಲ್ಲಿಯ ಹಿರಿಯರೊಬ್ಬರಲ್ಲಿ ಕೇಳಿದರೆ ಸಾಕು. ಒಂದು ಅಧ್ಯಾಯ ಓದಿದಂತಾದೀತು.

ಕನ್ನಡ ಐಚ್ಛಿಕ ವಿಷಯದ ಮಿತ್ರರಿಗಂತೂ ಹೇಳುವುದೇ ಬೇಡ. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ್ದು ಕೋಟದಲ್ಲಿ. ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ್ದು ಬೈಂದೂರಿನ ಕಡೆಯ ಮೊಗೇರಿಯಲ್ಲಿ. ‘ಮರಳಿ ಮಣ್ಣಿಗೆ’ ಕಾದಂಬರಿಯ ಸಮುದ್ರವನ್ನು ನಾವು ಪರೀಕ್ಷೆಗಾಗಿ ಟಿಪ್ಪಣಿಯಲ್ಲಿ ಓದುತ್ತೇವೆ. ಅದೇ ಸಮುದ್ರದ ದಡದಲ್ಲಿ ಕುಳಿತು ಹತ್ತು ಪುಟ ಓದುವುದು ಬೇಡವೇ?

ದೂರ ಹೋಗಬಾರದೆಂದು ನಾನು ಹೇಳುವುದಿಲ್ಲ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಿಮಾಲಯವನ್ನು ಕಾಣಬೇಕೆಂಬ ಆಸೆ ನನಗೂ ಇದೆ. ಮನೆಯ ಕಣ್ಣಿಂದ ಒಂದು ದಿನವಾದರೂ ದೂರವಿರಬೇಕೆಂದು ಇಪ್ಪತ್ತರ ವಯಸ್ಸಿನವರು ಬಯಸುವುದೂ ತಪ್ಪಲ್ಲ. ಆದರೆ ಎರಡೇ ದಿನದ ರಜೆಯಲ್ಲಿ ಘಾಟಿ ಹತ್ತಿ ಇಳಿಯುವುದರಲ್ಲಿಯೇ ಅರ್ಧ ಕಳೆದುಹೋದರೆ, ಅದು ಪ್ರವಾಸಕ್ಕಿಂತ ಹೆಚ್ಚಾಗಿ ಬಸ್ಸಿನ ವಾಸವೇ ಆಯಿತು. ದೂರಕ್ಕೆ ದೊಡ್ಡ ರಜೆಯಿದೆ. ಮುಂದೆ ಸ್ವಂತ ಸಂಪಾದನೆಯ ದಿನಗಳಿವೆ.

ಹತ್ತಿರವೆಂದು ಅಜಾಗ್ರತೆಯೂ ಸಲ್ಲದು. 2023ರ ಜುಲೈ ತಿಂಗಳಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತವನ್ನು ನೋಡಬಂದ ತರುಣನೊಬ್ಬನು, ಗೆಳೆಯ ವಿಡಿಯೋ ತೆಗೆಯುತ್ತಿದ್ದಂತೆಯೇ ಬಂಡೆಯಿಂದ ಜಾರಿ ಪ್ರಾಣ ಕಳೆದುಕೊಂಡನು. ಮಳೆಗಾಲದಲ್ಲಿ ಜಲಪಾತವೂ ಬೇಡ, ಮರವಂತೆಯ ಅಲೆಯೊಡನೆ ಆಟವೂ ಬೇಡ. ಆ ತಿಂಗಳುಗಳಿಗೆ ಬಸದಿ, ದೇವಸ್ಥಾನ, ಶಾಸನಗಳಿವೆ. ದೀಪಾವಳಿ ಕಳೆದ ಮೇಲೆ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿ ಎಲ್ಲಿಗೂ ಓಡಿಹೋಗದು.

ಇನ್ನು ನನ್ನ ಕಥೆಯನ್ನು ಮುಗಿಸುತ್ತೇನೆ. ಈ ಸಲ ತರಗತಿ ಚಿಕ್ಕಮಗಳೂರಿಗೆ ಹೋಯಿತು. ಈ ಸಲ ನನಗೆ ಜ್ವರ ಬರಲಿಲ್ಲ. ಹಣವಿಲ್ಲವೆಂದೇ ಹೇಳಿದೆ. ಹೇಳುವಾಗ ಮುಖ ಬಿಸಿಯಾಯಿತು, ಹೇಳಿದ ಮೇಲೆ ಎದೆ ಹಗುರವಾಯಿತು. ಆ ಆದಿತ್ಯವಾರ ಅಮ್ಮನನ್ನು ಬಸ್ರೂರಿಗೆ ಕರೆದೆ. ನಮ್ಮ ಮನೆಯಲ್ಲಿ ಪ್ರವಾಸವೆಂಬ ಶಬ್ದದ ಬಳಕೆಯಿಲ್ಲ. ಹರಕೆಗೆ ಆನೆಗುಡ್ಡೆಗೋ ಕೊಲ್ಲೂರಿಗೋ ಹೋಗುವುದು, ಮದುವೆಗೆ ಹೋಗುವುದು, ಆಸ್ಪತ್ರೆಗೆ ಹೋಗುವುದು, ಇವು ಮೂರೇ ಅಮ್ಮ ಬಲ್ಲ ಪ್ರಯಾಣಗಳು. “ಅಲ್ ಎಂತ ಇತ್ತ್ ಹೆಣೆ ಕಾಂಬುಕೆ?” ಎಂದಳು. ಬಟ್ಟೆ ಒಗೆಯುವುದು ಉಳಿಯುತ್ತದೆಂದು ಗೊಣಗಿಕೊಂಡೇ ಹೊರಟಳು.

ಮಹಾಲಿಂಗೇಶ್ವರನಿಗೆ ಕೈಮುಗಿದೆವು. ತುಳುವೇಶ್ವರದಲ್ಲಿ ದೊಡ್ಡ ಮರದ ಬೇರುಗಳು ಹಳೆಯ ಗುಡಿಯನ್ನು ತಬ್ಬಿ ಹಿಡಿದುದನ್ನು ಕಂಡು ಅಮ್ಮ ಬಹಳ ಹೊತ್ತು ನಿಂತಳು. ಬಳಿಕ ಹೊಳೆಯ ದಡದಲ್ಲಿ ಕುಳಿತು, ಪುಸ್ತಕದಲ್ಲಿ ಓದಿದ್ದ ಅಕ್ಕಿಯ ಹಡಗುಗಳ ಸಂಗತಿಯನ್ನು ನಾನು ಹೇಳಿದೆ. ಅಮ್ಮ ಕೇಳಿದಳು. ಕೇಳಿ, ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತದ್ದನ್ನೂ, ಬಾಲ್ಯದಲ್ಲಿ ತಾನು ಅವಳಿಗೆ ಗಂಜಿ ಒಯ್ಯುತ್ತಿದ್ದುದನ್ನೂ, ಹಂಚು ತುಂಬಿದ ದೋಣಿಗಳನ್ನು ಎಣಿಸುತ್ತಿದ್ದುದನ್ನೂ ಹೇಳಿದಳು. ನಾನು ಹೇಳಿದ್ದು ನಾನೂರು ವರ್ಷದ ಹಿಂದಿನದು, ಅವಳು ಹೇಳಿದ್ದು ನಲವತ್ತು ವರ್ಷದ ಹಿಂದಿನದು. ನನ್ನದಕ್ಕೆ ಅಂಕ ಸಿಗುತ್ತದೆ. ಅವಳದನ್ನು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿರಲಿಲ್ಲ. ಇಬ್ಬರ ಬಸ್ಸಿನ ಖರ್ಚು ಒಟ್ಟು ನೂರು ರೂಪಾಯಿಯೂ ಆಗಲಿಲ್ಲ.

ಕುಂದಾಪುರದ ದಡದಲ್ಲಿ ನಿಂತರೆ ಎದುರಿಗೆ ಗಂಗೊಳ್ಳಿ ಕಾಣುತ್ತದೆ. ಕೂಗಿದರೆ ಕೇಳೀತೋ ಎಂಬಷ್ಟು ಹತ್ತಿರ. ಬಸ್ಸಿನಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಸುತ್ತಬೇಕು. ನಮ್ಮ ಊರಿನ ವಿಷಯದಲ್ಲಿ ನಮ್ಮ ತಿಳಿವಳಿಕೆಯೂ ಹೀಗೆಯೇ ಆಗಿದೆ. ಪರೀಕ್ಷೆ ಮುಗಿದರೆ ನಮ್ಮಲ್ಲಿ ಅರ್ಧದಷ್ಟು ಮಂದಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತುವವರು. ಆಮೇಲೆ ಊರಿಗೆ ಬರುವುದೇ ನಮಗೊಂದು ಪ್ರವಾಸವಾದೀತು. ಬಂದಾಗ ಮಕ್ಕಳಿಗೆ ತೋರಿಸಲು ನಾಲ್ಕು ಸ್ಥಳಗಳಾದರೂ ನಮಗೆ ತಿಳಿದಿರಬೇಡವೇ?

ಆದುದರಿಂದ ನಮ್ಮ ಗುರುಗಳಲ್ಲಿ ಒಂದು ವಿನಂತಿ. ಮುಂದಿನ ವರ್ಷದಿಂದ ಕಾಲೇಜಿನ ವತಿಯಿಂದ ಒಂದು ಹಗಲಿನ ಪ್ರವಾಸವಾದರೂ ನಡೆಯಲಿ: ಬೆಳಿಗ್ಗೆ ಬಾರಕೂರು, ಮಧ್ಯಾಹ್ನ ಕೋಟ, ಸಂಜೆ ಮರವಂತೆ. ಬುತ್ತಿ ಮನೆಯದೇ ಇರಲಿ. ಬಸ್ಸಿನಲ್ಲಿ ಜಾಗ ಉಳಿದರೆ ತಾಯಂದಿರೂ ಬರಲಿ. ದೂರದ ಪ್ರವಾಸ ಬೇಕಾದವರು ಅದನ್ನೂ ಮಾಡಲಿ, ಬೇಡವೆನ್ನುವವರಿಲ್ಲ. ಆದರೆ ತರಗತಿಯ ಹೆಸರಿನಲ್ಲಿ ಹೊರಡುವ ಬಸ್ಸಿನಲ್ಲಿ ತರಗತಿಯವರೆಲ್ಲರೂ ಇರಬೇಕು. ಯಾರಿಗೂ ಜ್ವರ ಬರಬಾರದು.

ಬಸ್ರೂರಿನಿಂದ ಮರಳುವಾಗ ಅಮ್ಮ ಕಿಟಕಿಯ ಬಳಿ ಕುಳಿತಿದ್ದಳು. ಇಳಿಯುವ ಹೊತ್ತಿಗೆ ಅವಳೇ ಕೇಳಿದಳು: “ಬಪ್ಪ ಆದಿತ್ಯವಾರ ಎಲ್ಲಿಗ್ ಹೋಪ?”